ಸುಗ್ಗಿ ಕಾಲದಲ್ಲಿ ಖಾತ್ರಿ ಕೆಲಸ ನಿಲ್ಲಬೇಕೆ?

2025ರ ನವೆಂಬರ್ ಮೊದಲ ವಾರ ಬೆಳಗಾವಿ ಜಿಲ್ಲೆಯ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕುಳಿತರು. ನವೆಂಬರ್ 7ರಂದು ಸರ್ಕಾರ 3,300 ರೂಪಾಯಿಗೆ ಒಪ್ಪಂದ ಮಾಡಿಸಿತು. ಅದಾಗಿ ಆರು ವಾರ ತುಂಬುವ ಹೊತ್ತಿಗೆ ಸಂಸತ್ತು 2005ರ ಮಹಾತ್ಮ ಗಾಂಧಿ ಉದ್ಯೋಗ ಖಾತ್ರಿ ಕಾಯ್ದೆಯ ಜಾಗಕ್ಕೆ 'ವಿಬಿ–ಜಿ ರಾಮ್ ಜಿ' ಎಂಬ ಹೊಸ ಕಾಯ್ದೆಯನ್ನು ತಂದಿತು. ಕೆಲಸದ ದಿನಗಳು 100ರಿಂದ 125ಕ್ಕೆ ಏರಿದವು. ಅದರ ಬೆನ್ನಿಗೇ ಇನ್ನೊಂದು ಕಟ್ಟಳೆಯೂ ಬಂತು: ಬಿತ್ತನೆ, ಸುಗ್ಗಿಯ ಭರದ ಕಾಲ ಯಾವುದೆಂದು ರಾಜ್ಯ ಸರ್ಕಾರ ಮುಂಚೆಯೇ ಸಾರಬೇಕು, ಹಾಗೆ ಸಾರಿದ ದಿನಗಳಲ್ಲಿ, ವರ್ಷಕ್ಕೆ ಒಟ್ಟು 60 ದಿನ, ಖಾತ್ರಿ ಕೆಲಸ ನಡೆಯಕೂಡದು. ಖರ್ಚನ್ನು ಕೇಂದ್ರ ಮತ್ತು ರಾಜ್ಯ 60:40ರಂತೆ ಹೊರಬೇಕೆಂಬ ಜಗಳ ದೊಡ್ಡದೇ, ಅದು ಬೇರೆ ಚರ್ಚೆ. ಗೋಕಾಕ, ಮೂಡಲಗಿ, ಹುಕ್ಕೇರಿಯಂಥ ಕಬ್ಬಿನ ಸೀಮೆಯಲ್ಲಿ ನಿಂತು ನೋಡಿದರೆ ಮುಖ್ಯವಾಗಿ ಕಾಣುವ ಪ್ರಶ್ನೆ ಈ 60 ದಿನಗಳದ್ದು. ಹೊಲದಲ್ಲಿ ಕೆಲಸ ಭರದಿಂದ ಇರುವಾಗ ಪಂಚಾಯಿತಿಯ ಕೆಲಸ ನಿಲ್ಲಿಸಿದರೆ ಬಡ ಕುಟುಂಬಕ್ಕೆ ಲಾಭವೋ ನಷ್ಟವೋ?

ಪರ

ನಿಲ್ಲಿಸಬೇಕು ಎನ್ನುವವರನ್ನು ದೊಡ್ಡ ಹಿಡುವಳಿದಾರರ ವಕೀಲರೆಂದು ತಳ್ಳಿಹಾಕುವುದು ಸುಲಭ, ಆದರೆ ಅದು ಸರಿಯಲ್ಲ. ಎರಡೆಕರೆ ಇರುವ ರೈತನ ಮನೆಯೂ ಬಡ ಕುಟುಂಬವೇ, ಎಷ್ಟೋ ಸಲ ಖಾತ್ರಿ ಕೆಲಸದ ಜಾಬ್ ಕಾರ್ಡ್ ಇರುವ ಕುಟುಂಬವೇ. ಅವನಿಗೆ ಆಳು ಬೇಕಾಗುವುದು ವರ್ಷವಿಡೀ ಅಲ್ಲ, ಕೆಲವೇ ವಾರ. ಸೋಯಾಬೀನ್ ಒಣಗಿ ನಿಂತ ಮೇಲೆ ನಾಲ್ಕು ದಿನ ತಡವಾದರೆ ಕಾಯಿ ಸಿಡಿದು ಕಾಳು ಹೊಲದಲ್ಲೇ ಚೆಲ್ಲುತ್ತದೆ. ಗೋವಿನಜೋಳಕ್ಕೆ ಹೊತ್ತಿಗೆ ಸರಿಯಾಗಿ ಕಸ ತೆಗೆಯದಿದ್ದರೆ ಆಮೇಲೆ ಹಾಕಿದ ಗೊಬ್ಬರವೆಲ್ಲ ಕಳೆಯ ಪಾಲು. ಕಬ್ಬಂತೂ ಕಟಾವಿನ ಪಾಳಿ ತಪ್ಪಿ ನಿಂತರೆ ಒಣಗಿ ತೂಕ ಕಳೆದುಕೊಳ್ಳುತ್ತದೆ, ಕಡಿದು ಬಿದ್ದದ್ದು ಕಾರ್ಖಾನೆ ಸೇರಲು ತಡವಾದರೂ ಹಾಗೆಯೇ. ದೊಡ್ಡ ರೈತ ಯಂತ್ರ ತರಿಸುತ್ತಾನೆ, ಕಬ್ಬು ಕಡಿಯುವ ಗ್ಯಾಂಗಿನ ಮೇಸ್ತ್ರಿ ಮುಕಾದಮನಿಗೆ ಕೈ ಬೆಚ್ಚಗೆ ಮಾಡಿ ಪಾಳಿ ಹಿಂದೆ ಮುಂದೆ ಮಾಡಿಸಿಕೊಳ್ಳುತ್ತಾನೆ. ಸಣ್ಣವನಿಗೆ ಎರಡೂ ಆಗದು. ಸರ್ಕಾರವೇ ಅದೇ ವಾರ ಅದೇ ಊರಿನಲ್ಲಿ ಕೆರೆಯ ಹೂಳೆತ್ತಲು ಜನ ಕರೆದರೆ, ಬಡವನ ಹೆಸರಿನ ಯೋಜನೆ ಇನ್ನೊಬ್ಬ ಬಡವನ ಬೆಳೆಗೆ ಕುತ್ತು ತಂದಂತೆ ಎಂಬ ಮಾತನ್ನು ತೆಗೆದುಹಾಕಲಾಗದು.

ಈ ವಾದಕ್ಕೆ ಅರ್ಥಶಾಸ್ತ್ರದ ಆಧಾರವೂ ಇದೆ. ಕ್ಲೆಮೆಂಟ್ ಇಂಬರ್ಟ್ ಮತ್ತು ಜಾನ್ ಪ್ಯಾಪ್ 2015ರಲ್ಲಿ ಪ್ರಕಟಿಸಿದ ಅಧ್ಯಯನ, ಯೋಜನೆ ಮೊದಲು ಬಂದ ಜಿಲ್ಲೆಗಳನ್ನು ತಡವಾಗಿ ಬಂದ ಜಿಲ್ಲೆಗಳ ಜತೆ ಹೋಲಿಸಿತು. ಖಾತ್ರಿ ಕೆಲಸ ಖಾಸಗಿ ಕೂಲಿ ಕೆಲಸದ ಒಂದು ಪಾಲನ್ನು ಬದಿಗೆ ಸರಿಸಿತು, ಕೂಲಿಯ ದರವನ್ನೂ ಏರಿಸಿತು ಎಂದು ಅದು ಕಂಡುಕೊಂಡಿತು. ಅಂದರೆ ಹೊಲದಿಂದ ಆಳು ಸರಿದದ್ದು ಬರೀ ರೈತರ ಗೊಣಗಾಟವಲ್ಲ. 2011ರಲ್ಲೇ ಅಂದಿನ ಕೃಷಿ ಸಚಿವ ಶರದ್ ಪವಾರ್ ಕೃಷಿಯ ಭರದ ತಿಂಗಳುಗಳಲ್ಲಿ ಯೋಜನೆಗೆ ಬಿಡುವು ಕೊಡಬೇಕೆಂದು ಕೇಳಿದ್ದರು, ಅವರು ಬಂದದ್ದೂ ಕಬ್ಬಿನ ಸೀಮೆಯಿಂದಲೇ. ಇನ್ನೊಂದು ಲೆಕ್ಕವೂ ಪರದವರ ಕೈಯಲ್ಲಿದೆ. 60 ದಿನ ಕಳೆದರೂ ವರ್ಷದಲ್ಲಿ 305 ದಿನ ಉಳಿಯುತ್ತವೆ. ದೇಶದಲ್ಲಿ ಒಂದು ಕುಟುಂಬಕ್ಕೆ ಸಿಗುತ್ತ ಬಂದಿರುವ ಸರಾಸರಿ ಕೆಲಸವೇ ವರ್ಷಕ್ಕೆ 50 ದಿನದ ಆಸುಪಾಸು. ಹಾಗಿದ್ದ ಮೇಲೆ ಹೊಲದಲ್ಲಿ ಹೇಗೂ ಕೂಲಿ ಸಿಗುವ ಎರಡು ತಿಂಗಳು ಪಂಚಾಯಿತಿ ಸುಮ್ಮನಿದ್ದರೆ ಯಾರ ಹೊಟ್ಟೆಗೆ ಹೊಡೆತ? ಎರಡು ಕೆಲಸಗಳನ್ನು ಒಂದರ ಹಿಂದೊಂದು ಬರುವಂತೆ ಜೋಡಿಸಿಟ್ಟರೆ ಕುಟುಂಬದ ವರ್ಷದ ಆದಾಯ ಹೆಚ್ಚೇ ಆಗಬೇಕು ಎಂಬುದು ಅವರ ಲೆಕ್ಕಾಚಾರ.

ವಿರೋಧ

ನನ್ನ ಮಟ್ಟಿಗೆ ಈ ಲೆಕ್ಕಾಚಾರ ಎಡವುವುದು ಅದು ನೆಚ್ಚಿಕೊಂಡಿರುವ ಅಧ್ಯಯನದಲ್ಲೇ. ಇಂಬರ್ಟ್ ಮತ್ತು ಪ್ಯಾಪ್ ಕಂಡ ಕೂಲಿ ಏರಿಕೆ ಶೇಕಡಾ 4.7ರಷ್ಟು, ಅದೂ ಒಣ ಹಂಗಾಮಿನಲ್ಲಿ, ಹೊಲದಲ್ಲಿ ಕೆಲಸ ಕಡಿಮೆ ಇರುವಾಗ. ಖಾತ್ರಿ ಕೆಲಸಕ್ಕೆ ದೇಶದಲ್ಲಿ ಹೆಚ್ಚು ಜನ ಬರುವುದು ಮೇ, ಜೂನ್ ತಿಂಗಳಲ್ಲಿ. ಮಳೆ ಬಿದ್ದು ಹೊಲ ಹಸನಾದ ಕೂಡಲೇ ಸಂಖ್ಯೆ ತಾನಾಗಿ ಇಳಿಯುತ್ತದೆ. ಕೂಲಿಯವರಿಗೆ ಯಾರೂ ಅಧಿಸೂಚನೆ ಓದಿ ಹೇಳಬೇಕಿಲ್ಲ: ದಿನಕ್ಕೆ ಒಂದಿಷ್ಟು ಹೆಚ್ಚು ರೊಕ್ಕ, ಅದೂ ಸಂಜೆಗೇ ಕೈಗೆ ಬರುವುದಾದರೆ, ವಾರಗಟ್ಟಲೆ ಬ್ಯಾಂಕ್ ಖಾತೆ ನೋಡುತ್ತ ಕೂರುವ ಕೆಲಸಕ್ಕೆ ಯಾರು ಹೋಗುತ್ತಾರೆ? ಭರದ ಕಾಲದಲ್ಲೂ ಪಂಚಾಯಿತಿ ಕೆಲಸಕ್ಕೆ ಬರುವವರಿದ್ದರೆ ಅವರು ಹೊಲದ ಕೆಲಸ ಸಿಗದವರು, ಇಲ್ಲವೇ ಹೊಲದಲ್ಲಿ ಕೊಡುವ ಕೂಲಿ ಸಾಲದವರು. ಈ ಎರಡು ಗುಂಪಿನ ಮೇಲೆಯೇ ಹೊಸ ನಿಯಮ ಬೀಳುತ್ತದೆ.

ಖಾತ್ರಿಯ ಬೆಲೆಯನ್ನು ಅದು ಕೊಟ್ಟ ದಿನಗಳಲ್ಲಿ ಮಾತ್ರ ಅಳೆದರೆ ಅದರ ಮುಖ್ಯ ಕೆಲಸವೇ ಕಣ್ತಪ್ಪುತ್ತದೆ. ಕಾರ್ತಿಕ್ ಮುರಳೀಧರನ್, ಪಾಲ್ ನೀಹೌಸ್ ಮತ್ತು ಸಂದೀಪ್ ಸುಖ್ತಂಕರ್ ಆಂಧ್ರಪ್ರದೇಶದಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಕಣ್ಣು ತೆರೆಸುವಂಥದು. ಸ್ಮಾರ್ಟ್ ಕಾರ್ಡ್ ತಂದು ಖಾತ್ರಿ ಯೋಜನೆಯ ಪಾವತಿಯನ್ನು ಸರಿಪಡಿಸಿದ ಮಂಡಲಗಳಲ್ಲಿ ಫಲಾನುಭವಿ ಕುಟುಂಬಗಳ ಗಳಿಕೆ ಶೇಕಡಾ 14ರಷ್ಟು ಏರಿತು, ಬಡತನ ಶೇಕಡಾ 26ರಷ್ಟು ಇಳಿಯಿತು. ಆ ಹೆಚ್ಚಿದ ಗಳಿಕೆಯಲ್ಲಿ ಶೇಕಡಾ 86 ಭಾಗ ಯೋಜನೆಯಿಂದ ಬಂದದ್ದೇ ಅಲ್ಲ, ಹೊರಗಿನ ಕೆಲಸದಿಂದ ಬಂದದ್ದು. ಖಾಸಗಿ ಕೂಲಿ ಏರಿತು, ಖಾಸಗಿ ಕೆಲಸವೂ ಹೆಚ್ಚಿತು. ಕಾರಣ ಊಹಿಸುವುದು ಕಷ್ಟವಲ್ಲ. ಊರಿನಲ್ಲಿ ಕೂಲಿಗೆ ಕರೆಯುವವರು ಬೆರಳೆಣಿಕೆಯ ಮನೆಗಳಿದ್ದರೆ ದರ ಹೇಳುವವರೂ ಅವರೇ. ಆಚೆ ಕಡೆ ಪಂಚಾಯಿತಿಯಲ್ಲಿ ಕೆಲಸ ಕೇಳುವ ನಮೂನೆ 6 ತುಂಬಿಕೊಟ್ಟರೆ ಕೆಲಸ ಉಂಟು ಎಂಬ ಧೈರ್ಯವಿದ್ದರೆ ಹೆಂಗಸು 'ಇಷ್ಟಕ್ಕೆ ಬರುವುದಿಲ್ಲ' ಎನ್ನಬಲ್ಲಳು. ಆಕೆ ಆ ದಿನ ಖಾತ್ರಿ ಕೆಲಸಕ್ಕೆ ಹೋಗಬೇಕೆಂದೇನೂ ಇಲ್ಲ, ಹೋಗಲು ದಾರಿಯಿದ್ದರೆ ಸಾಕು. 2025–26ರಲ್ಲಿ ಕರ್ನಾಟಕದ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು, ಗಂಡಿಗೂ ಹೆಣ್ಣಿಗೂ ಒಂದೇ. ಹೊಲದಲ್ಲಿ ಹೆಣ್ಣಾಳಿಗೆ ಗಂಡಾಳಿಗಿಂತ ಕಡಿಮೆ ಕೊಡುವ ರೂಢಿ ಇನ್ನೂ ಹೋಗಿಲ್ಲ. ಆಳಿಗೆ ಅತಿ ಹೆಚ್ಚು ಬೇಡಿಕೆಯಿರುವ ಎರಡು ತಿಂಗಳೇ ಕೂಲಿಯವರು ಚೌಕಾಸಿ ಮಾಡಬಹುದಾದ ಕಾಲ, ಆಗಲೇ ಆ ದಾರಿಗೆ ಬೇಲಿ ಹಾಕುವುದೆಂದರೆ ಸರ್ಕಾರ ತಕ್ಕಡಿಯ ಒಂದು ತಟ್ಟೆಯ ಮೇಲೆ ಕೈಯಿಟ್ಟಂತೆ. 305 ದಿನ ಉಳಿಯಿತಲ್ಲ ಎನ್ನುವವರು ಎಲ್ಲ ದಿನಗಳ ತೂಕ ಒಂದೇ ಎಂದುಕೊಂಡಿದ್ದಾರೆ.

ಇನ್ನು ಕಬ್ಬು. ಸಂಕೇಶ್ವರದ ಹಿರಣ್ಯಕೇಶಿ, ಬೆಲ್ಲದ ಬಾಗೇವಾಡಿಯ ವಿಶ್ವರಾಜ್, ಹುಣಶ್ಯಾಳ ಪಿ.ಜಿ.ಯ ಸತೀಶ್ ಶುಗರ್ಸ್, ಘಟಪ್ರಭಾ ಸಹಕಾರಿ ಕಾರ್ಖಾನೆ, ಇವೆಲ್ಲ ಈ ಮೂರು ತಾಲೂಕುಗಳ ಬದುಕಿನ ಗಡಿಯಾರ ಇದ್ದಂತೆ. ನುರಿಸುವ ಹಂಗಾಮು ನವೆಂಬರಿನ ಆಸುಪಾಸು ಶುರುವಾಗಿ ನಾಲ್ಕೈದು ತಿಂಗಳು ನಡೆಯುತ್ತದೆ, 60 ದಿನಗಳ ಬಿಡುವು ಹೆಚ್ಚೆಂದರೆ ಅದರ ಅರ್ಧಕ್ಕೆ ಸಾಕಾದೀತು. ಕಬ್ಬು ಕಡಿಯುವವರು ಊರಿನ ಜಾಬ್ ಕಾರ್ಡಿನವರಲ್ಲ ಎಂಬುದು ಅದಕ್ಕಿಂತ ಮುಖ್ಯ. ಕಡಿಯಲು ಬರುವುದು ಹೊರಗಿನ ಗ್ಯಾಂಗು: ಮುಕಾದಮನ ಮೂಲಕ ಮುಂಗಡ ಪಡೆದು, ಗಂಡ ಹೆಂಡತಿ ಜೋಡಿಯಾಗಿ, ಟನ್ನಿನ ಲೆಕ್ಕದಲ್ಲಿ ದುಡಿಯುವ ಜನ. ಅವರು ಬೇಸಿಗೆಯಲ್ಲೇ ಮುಂಗಡ ಹಿಡಿದು ಮಾತಿಗೆ ಕಟ್ಟುಬಿದ್ದಿರುತ್ತಾರೆ. ಹುಕ್ಕೇರಿಯ ಯಾವುದೋ ಹಳ್ಳಿಯಲ್ಲಿ ಬದು ಹಾಕುವ ಕೆಲಸ ನಿಲ್ಲಿಸಿದ ಮಾತ್ರಕ್ಕೆ ಒಂದು ಗ್ಯಾಂಗೂ ಹೆಚ್ಚಾಗದು. ಕಟಾವಿನ ಪಾಳಿಯ ಗೋಳಿಗೆ ಕಾರ್ಖಾನೆ, ಮುಕಾದಮ, ಮುಂಗಡದ ಸರಪಳಿ ಕಾರಣ, ಆ ದೂರನ್ನು ಪಂಚಾಯಿತಿಯ ಬಾಗಿಲಿಗೆ ತರುವುದು ವಿಳಾಸ ತಪ್ಪಿದ ಪತ್ರ.

ಇದೇ ಗಂಡ ಹೆಂಡತಿ ಜೋಡಿಯ ಲೆಕ್ಕ ಇನ್ನೊಂದು ಸಂಗತಿಯನ್ನೂ ಕಾಣಿಸುತ್ತದೆ. ಮನೆಯಲ್ಲಿ ಗಂಡಾಳಿಲ್ಲದವರಿಗೆ ಕಬ್ಬಿನ ಗ್ಯಾಂಗಿನಲ್ಲಿ ಜಾಗ ಸಿಗುವುದು ಕಷ್ಟ. ಈ ಭಾಗದಲ್ಲಿ ಅಂಥ ಎಷ್ಟೋ ಮನೆಗಳಿಗೆ ದೇವದಾಸಿ ಪದ್ಧತಿಯ ಇತಿಹಾಸವಿದೆ. 1982ರ ಕರ್ನಾಟಕದ ಕಾಯ್ದೆ ದೇವದಾಸಿ ಬಿಡುವುದನ್ನು ನಿಷೇಧಿಸಿದ ಮೇಲೆ, 1997ರಲ್ಲಿ ಘಟಪ್ರಭಾದಲ್ಲಿ ಮಾಜಿ ದೇವದಾಸಿಯರೇ ಸೇರಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, 'ಮಾಸ್', ಕಟ್ಟಿಕೊಂಡರು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಹೆಂಗಸೇ ಯಜಮಾನಿಯಾದ, ಹೊಲವಿಲ್ಲದ, ವಯಸ್ಸು ಏರುತ್ತಿರುವ ಈ ಮನೆಗಳಿಗೆ ಸುಗ್ಗಿ ಎಂದರೆ ಕೈತುಂಬ ಕೆಲಸ ಎಂದರ್ಥವಲ್ಲ. ಹಂಗಾಮಿನ ಬಿರುಸು ಕೆಲಸಕ್ಕೆ ಒಡೆಯರು ಕರೆಯುವುದು ಗಟ್ಟಿ ಮೈಯ ಹರೆಯದವರನ್ನು. ದೇಶದಲ್ಲಿ ಖಾತ್ರಿ ಕೆಲಸದ ಅರ್ಧಕ್ಕಿಂತ ಹೆಚ್ಚು ದಿನಗಳನ್ನು ದುಡಿದವರು ಹೆಂಗಸರು, ಅದು ಸುಮ್ಮನೆ ಆದದ್ದಲ್ಲ. ಊರಲ್ಲೇ, ಸಮ ಕೂಲಿಗೆ, ಯಾರ ಹಂಗೂ ಇಲ್ಲದೆ ಸಿಗುವ ಕೆಲಸ ಅವರಿಗೆ ಇದೊಂದೇ. ಕುಟುಂಬದ ಸ್ಥಿರತೆ ಎಂದು ವರದಿಗಳಲ್ಲಿ ಬರೆಯುವುದು ಇವರ ಮಟ್ಟಿಗೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಎರಡು ತಿಂಗಳು ದಪ್ಪವಾಗದಿರುವುದು, ಅಷ್ಟೇ.

ಹಾಗಾದರೆ ಸಣ್ಣ ರೈತನ ಗತಿ ಏನು ಎಂಬ ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು, ಪರದವರ ವಾದದಲ್ಲಿ ಗಟ್ಟಿಯಾದ ಭಾಗ ಅದೇ. ಕೂಲಿ ಏರಿದರೆ ಅವನಿಗೆ ಭಾರವಾಗುತ್ತದೆ, ನಿಜ. ಆದರೆ ಗುರ್ಲಾಪುರ ಕ್ರಾಸಿನಲ್ಲಿ ಕುಳಿತವರು ಕೂಲಿ ಇಳಿಸಿರೆಂದು ಕೇಳಲಿಲ್ಲ, ಬೆಲೆ ಏರಿಸಿರೆಂದು ಕೇಳಿದರು. ತಮ್ಮ ಕೊರತೆ ಎಲ್ಲಿಂದ ಬರುತ್ತದೆಂದು ರೈತರಿಗೆ ತಿಳಿದಿತ್ತು. ಅಲ್ಲದೆ ಖಾತ್ರಿ ಯೋಜನೆಯಡಿ ಕೃಷಿ ಹೊಂಡ, ಬದು, ತೋಟಗಾರಿಕೆಯ ಕೆಲಸ ನಡೆದದ್ದು ಪರಿಶಿಷ್ಟರ ಮತ್ತು ಸಣ್ಣ ರೈತರ ಸ್ವಂತ ಜಮೀನಿನಲ್ಲೂ ಹೌದು. ಯೋಜನೆ ಸಣ್ಣ ರೈತನ ಎದುರಾಳಿ ಎನ್ನುವುದು ಅರ್ಧ ಸತ್ಯ. ಎರಡೆಕರೆಯವನ ಕೈಗೆ ಎರಡು ಕಾಸು ಉಳಿಯಬೇಕಾದರೆ ಅದು ಕಾರ್ಖಾನೆಯ ಬಿಲ್ಲಿನಿಂದಲೋ ಸರ್ಕಾರದ ಖಜಾನೆಯಿಂದಲೋ ಬರಲಿ, ಎರಡೆಕರೆಯೂ ಇಲ್ಲದವಳ ಕೂಲಿಯಿಂದ ಕಿತ್ತದ್ದು ಆಗಬಾರದು.

ದಿನಾಂಕವನ್ನು ಮೊದಲೇ ಸಾರುವುದರಲ್ಲೂ ತೊಡಕಿದೆ. ಮೂಡಲಗಿಯ ಕಡೆ ಘಟಪ್ರಭಾ ಕಾಲುವೆಯ ನೀರುಂಡು ಬೆಳೆಯುವ ಕಬ್ಬಿನ ಹಳ್ಳಿಗೂ ಗೋಕಾಕದ ಗುಡ್ಡದಂಚಿನಲ್ಲಿ ಮೋಡ ನೋಡುತ್ತ ಕೂರುವ ಹಳ್ಳಿಗೂ ಬಿತ್ತನೆಯ ವಾರ ಒಂದೇ ಆಗಿರುವುದಿಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟು ಕೊನೆಗೆ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವಾದವು, ಮೊದಲ ಘೋಷಣೆ ಹೊರಬಿದ್ದದ್ದೇ ಸೆಪ್ಟೆಂಬರಿನಲ್ಲಿ. ಜೂನ್, ಜುಲೈಯನ್ನು ಬಿತ್ತನೆ ಕಾಲವೆಂದು ಸಾರಿ ಬೀಗ ಹಾಕಿದ್ದರೆ ಆ ವರ್ಷ ಬಿತ್ತನೆಯೂ ಇಲ್ಲ, ಖಾತ್ರಿಯೂ ಇಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕಕ್ಕೆ ನೀರು ನುಗ್ಗಿದಾಗಲೂ ಪಂಚಾಂಗದ ಪ್ರಕಾರ ಅದು ಹೊಲದ ಕಾಲವೇ. ಇಂಥ ಹೊತ್ತಿನಲ್ಲಿ ಸಡಿಲಿಕೆ ಕೊಡಬಹುದಲ್ಲ ಎನ್ನಬಹುದು. ಸಡಿಲಿಕೆಯ ಕಡತ ಬೆಳಗಾವಿ, ಬೆಂಗಳೂರು, ದಿಲ್ಲಿ ಸುತ್ತಿ ಬರುವಷ್ಟರಲ್ಲಿ ಜನ ಕೂಲಿ ಅರಸಿ ಕೊಲ್ಹಾಪುರದ ಬಸ್ಸು ಹತ್ತಿರುತ್ತಾರೆ.

ಕಾಯ್ದೆ ಒಂದು ಕಿಂಡಿಯನ್ನು ಬಿಟ್ಟಿದೆ: ರಾಜ್ಯವು ಬೇರೆ ಬೇರೆ ಪ್ರದೇಶಗಳಿಗೆ, ಅಲ್ಲಿನ ಬೆಳೆ ನೋಡಿ, ಬೇರೆ ಬೇರೆ ದಿನಗಳನ್ನು ಗೊತ್ತುಮಾಡಬಹುದು. ಬಿಡುವು ಇರಲೇಬೇಕೆಂದಾದರೆ ಅದನ್ನು ಪಂಚಾಯಿತಿ ಮಟ್ಟಕ್ಕೆ ಇಳಿಸಿ, ಎಂಟು ದಿನ, ಹತ್ತು ದಿನದ ತುಂಡುಗಳಾಗಿ, ಗ್ರಾಮಸಭೆಯಲ್ಲಿ ಕೇಳಿ ಬರೆಯಲಿ. ಗ್ರಾಮಸಭೆಯಲ್ಲಿ ಮೈಕು ಯಾರ ಕೈಯಲ್ಲಿರುತ್ತದೆ ಎಂಬುದು ಎಲ್ಲರಿಗೂ ಗೊತ್ತಿದೆ, ಹಾಗಾಗಿ ಒಂದು ಷರತ್ತು: ದಿನ ಗೊತ್ತುಮಾಡುವ ಮುನ್ನ ಊರಿನಲ್ಲಿ ಖಾತ್ರಿ ಕೆಲಸದ ತಂಡ ನೋಡಿಕೊಳ್ಳುವ ಕಾಯಕ ಬಂಧು ಜಾಬ್ ಕಾರ್ಡಿನ ಪಟ್ಟಿ ಹಿಡಿದು ಮನೆಮನೆಗೆ ಹೋಗಿ, ಆ ವಾರ ನಿಮ್ಮನ್ನು ಹೊಲಕ್ಕೆ ಯಾರು ಕರೆದಿದ್ದಾರೆ, ಎಷ್ಟು ಕೂಲಿಗೆ ಕರೆದಿದ್ದಾರೆ ಎಂದು ಕೇಳಿ ಬರೆದುಕೊಳ್ಳಲಿ.