ವೇಷವೂ ವ್ರತವೂ

ಸ್ಕಾಟ್ಲೆಂಡಿನ ಗುಡ್ಡಗಾಡಿನ ಜನರು ಉಡುವ ‘ಕಿಲ್ಟ್’ ಎಂಬ ನೆರಿಗೆಯುಡುಪನ್ನು ಬ್ರಿಟಿಷ್ ಪಾರ್ಲಿಮೆಂಟು 1746ರ ಶಾಸನದಿಂದ ನಿಷೇಧಿಸಿತು. 1782ರಲ್ಲಿ ಆ ಶಾಸನವು ರದ್ದಾಯಿತು. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆಯೇ ಎಡಿನ್‌ಬರೋ ನಗರದಲ್ಲಿ ಅದನ್ನುಟ್ಟು ಮೆರೆದನು. ಆದರೆ ಅದೇ ಕಾಲದಲ್ಲಿ ಆ ಉಡುಪಿನ ಒಡೆಯರಾದ ಒಕ್ಕಲು ಮಕ್ಕಳು ಜಮೀನುದಾರರ ಕುರಿಮಂದೆಗಳಿಗಾಗಿ ತಮ್ಮ ನೆಲದಿಂದ ಹೊರದೂಡಲ್ಪಡುತ್ತಿದ್ದರು. ಬಟ್ಟೆಗೆ ಸಿಕ್ಕ ಮರ್ಯಾದೆಯು ಉಟ್ಟವರಿಗೆ ಸಿಗಲಿಲ್ಲ.

ಈ ವೃತ್ತಾಂತವು ಉಜಿರೆ, ಬೆಳ್ತಂಗಡಿ ಸೀಮೆಯ ನಮಗೆ ಪರಕೀಯವಲ್ಲ. 2022ರಲ್ಲಿ ‘ಕಾಂತಾರ’ ಚಲಚ್ಚಿತ್ರವು ತೆರೆಗೆ ಬಂದಂದಿನಿಂದ ತುಳುನಾಡಿನ ದೈವದ ವೇಷವು ಛದ್ಮವೇಷದ ಸ್ಪರ್ಧೆಗಳಿಗೂ ಮೆರವಣಿಗೆಗಳಿಗೂ ಇಳಿದಿದೆ. 2025ರಲ್ಲಿ ಅದರ ಮುಂದಿನ ಚಿತ್ರವು ಬಂದಾಗ ಕೆಲವರು ಆ ವೇಷದಲ್ಲೇ ಚಿತ್ರಮಂದಿರಕ್ಕೆ ಹೋದರು. ಹಾಗೆ ಮಾಡಬಾರದೆಂದು ಚಿತ್ರದ ನಿರ್ಮಾಪಕರೇ ಜನರನ್ನು ಪ್ರಾರ್ಥಿಸಬೇಕಾಯಿತು.

ಪರಂಪರೆಯ ಉಡುಗೆಯನ್ನು ಅನ್ಯರು ಮುಟ್ಟಲೇಬಾರದೆಂಬುದು ನಮ್ಮ ಮತವಲ್ಲ. ಉಡುಪಿ ಸೀರೆಯನ್ನು ದೇಶದ ಯಾವ ಮೂಲೆಯ ಸ್ತ್ರೀಯು ಉಟ್ಟರೂ ನಮ್ಮ ನೇಕಾರನ ಮನೆಯ ಒಲೆ ಉರಿಯುತ್ತದೆ. ಯಕ್ಷಗಾನದ ಕಿರೀಟವನ್ನು ತಾಳ, ಹೆಜ್ಜೆ ಕಲಿತವನು ಯಾವ ಕುಲದವನಾದರೂ ಕಟ್ಟಲಿ, ಅದು ಕಲೆ. ಕಿಲ್ಟನ್ನೂ ಇಂದು ಯಾರು ಬೇಕಾದರೂ ಉಡುತ್ತಾರೆ. ಆದರೂ ರಾಜಮನೆತನಕ್ಕೆ ಮೀಸಲಾದ ಬಾಲ್ಮೋರಲ್ ಚೌಕಳಿಯನ್ನು ಅನ್ಯರು ಉಡುವ ರೂಢಿಯಿಲ್ಲ. ಎಲ್ಲ ಉಡುಗೆಯೂ ಒಂದೇ ಜಾತಿಯದಲ್ಲವೆಂಬ ವಿವೇಕವು ಅಲ್ಲಿಯೂ ಉಂಟು.

ದೈವದ ವೇಷವು ಉಡುಗೆಯೂ ಅಲ್ಲ, ಕಲೆ ಮಾತ್ರವೂ ಅಲ್ಲ; ಅದು ವ್ರತ. ನಲಿಕೆ, ಪರವ, ಪಂಬದ ಕುಲದವರು ಅದನ್ನು ತಲೆತಲಾಂತರದಿಂದ ಹೊತ್ತು ಬಂದಿದ್ದಾರೆ. ಎಣ್ಣೆಬೂಳ್ಯವನ್ನು ಪಡೆದು, ಅರದಾಳವನ್ನು ಬಳಿದು, ಎಳೆಯ ತೆಂಗಿನ ಗರಿಯ ಸಿರಿಯನ್ನುಟ್ಟು, ಪಾಡ್ದನದ ದನಿ ಕೇಳುತ್ತ ಗಗ್ಗರವನ್ನು ಧರಿಸುವ ಆ ಕ್ರಮಕ್ಕೆ ಕಟ್ಟಳೆಯುಂಟು, ಕಾಲವೂ ಉಂಟು. ಪತ್ತನಾಜೆ ಕಳೆದರೆ ಸಾಮಾನ್ಯವಾಗಿ ಮಳೆಗಾಲ ಮುಗಿಯುವ ವರೆಗೆ ಗಗ್ಗರದ ಸದ್ದಿಲ್ಲ. ಕಟ್ಟುವ ಅಧಿಕಾರವುಳ್ಳವನೇ ಕಾಲವನ್ನು ಕಾಯುತ್ತಿರುವಾಗ, ಬಾಡಿಗೆಗೆ ತಂದ ಅಣಿಯನ್ನು ಬೇಕೆಂದಾಗ ಕಟ್ಟಿ ಚಿತ್ರ ತೆಗೆಸಿಕೊಳ್ಳುವುದು ಯಾವ ನ್ಯಾಯ?

ಆದರೆ ಪರಸ್ಥಳದವರನ್ನು ದೂರುವ ಮುನ್ನ ನಮ್ಮವರೂ ಒಂದು ಮಾತಿಗೆ ಉತ್ತರ ಕೊಡತಕ್ಕದ್ದು. ಕೋಲದ ರಾತ್ರಿ ಗುತ್ತಿನ ಯಜಮಾನರು ಕೈಮುಗಿದು ದೈವದ ನುಡಿಗೆ ಕಿವಿಗೊಡುವರು. ಬೆಳಗಾಗಿ ಬಣ್ಣ ತೊಳೆದ ಮೇಲೆ ಅದೇ ಮನುಷ್ಯನಿಗೆ ಅಂಗಳವನ್ನೇ ತೋರಿಸುವ ಮನೆಗಳು ನಮ್ಮಲ್ಲಿ ಇಲ್ಲವೆನ್ನಲು ಯಾರಿಗೆ ಧೈರ್ಯವುಂಟು? ಅರುವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿಗಳ ಮಾಸಾಶನವನ್ನು ಸರಕಾರವು ಘೋಷಿಸಿದ್ದು 2022ರ ಅಕ್ಟೋಬರದಲ್ಲಿ, ಚಿತ್ರವು ಜನಪ್ರಿಯವಾದ ಬಳಿಕ. ಇದು ಸ್ವಾಗತಾರ್ಹವೇ ಸರಿ. ಆದರೆ ಸಿನೇಮಾ ಬರುವ ತನಕ ಆ ಮುದುಕರ ಹಸಿವು ನಮ್ಮ ಕಣ್ಣಿಗೆ ಬೀಳದಿದ್ದುದು ಸಮಾಜಕ್ಕೆ ಭೂಷಣವಲ್ಲ.

ಆದುದರಿಂದ ಶಾಲೆಯ ಉಪಾಧ್ಯಾಯರಿಗೂ ಉತ್ಸವ ಸಮಿತಿಯವರಿಗೂ ನಮ್ಮ ಬಿನ್ನಹವಿಷ್ಟೆ: ದೈವದ ವೇಷವನ್ನು ಸ್ಪರ್ಧೆಗೂ ಮೆರವಣಿಗೆಗೂ ತರಬೇಡಿರಿ. ಮಕ್ಕಳಿಗೆ ಅದನ್ನು ತಿಳಿಸಬೇಕೆಂದಿದ್ದರೆ ಹಿರಿಯ ನರ್ತಕರೊಬ್ಬರನ್ನು ಕರೆಯಿಸಿ, ಕುರ್ಚಿಯಿತ್ತು, ಅವರ ಬಾಯಿಂದಲೇ ಕೇಳಿಸಿರಿ; ತಕ್ಕ ಸಂಭಾವನೆಯನ್ನೂ ಕೊಡಿರಿ. ಅಣಿಗೆ ಕೈಮುಗಿಯುವವರು ಅದನ್ನು ಹೊರುವ ಹೆಗಲಿಗೂ ಮರ್ಯಾದೆ ಕೊಡಲಿ. ಅಷ್ಟಾದರೆ ವೇಷದ ಗೌರವವು ತಾನಾಗಿ ಉಳಿಯುವುದು.