ಕಾರ್ಯಾಗಾರಕ್ಕೂ ಬೇಕು ಮರುಬೋಧನೆ

ಉದ್ಯಮಶೀಲತೆ ಮತ್ತು ಕೃತಕ ಬುದ್ಧಿಮತ್ತೆ ಎಂಬ ಎರಡು ಪದಗಳು ಒಂದೇ ಬ್ಯಾನರಿನ ಮೇಲೆ ಕಾಣಿಸುವುದು ಪದವಿ ಕಾಲೇಜುಗಳಲ್ಲಿ ಈಗ ಸಾಮಾನ್ಯವಾಗಿದೆ. ಒಂದೆರಡು ದಿನದ ಕಾರ್ಯಾಗಾರ, ಕೊನೆಗೆ ಪ್ರಮಾಣಪತ್ರ, ಒಂದು ಗುಂಪು ಫೋಟೊ. ಇಂಥವು ಬೇಡ ಎನ್ನುವುದು ನನ್ನ ವಾದವಲ್ಲ. ಅವಧಿ ಕಡಿಮೆ ಎಂಬುದೂ ನನ್ನ ದೂರಲ್ಲ. ಅವುಗಳಲ್ಲಿ ಹಿಮ್ಮಾಹಿತಿಗೂ ಮರುಬೋಧನೆಗೂ ಜಾಗವಿಲ್ಲ ಎಂಬುದೇ ನನ್ನ ತಕರಾರು.

ಅಲ್ಪ ಅವಧಿಯಲ್ಲೂ ಗಟ್ಟಿ ಕಲಿಕೆ ಸಾಧ್ಯ ಎಂಬುದು ಪ್ರಶಿಕ್ಷಣಾರ್ಥಿಗಳಾದ ನಮಗೆ ಚೆನ್ನಾಗಿ ಗೊತ್ತು. ಸೂಕ್ಷ್ಮ ಬೋಧನೆಯ ಒಂದು ಚಕ್ರಕ್ಕೆ ಹಿಡಿಯುವುದು 36 ನಿಮಿಷ ಮಾತ್ರ. ಬೋಧನೆಗೆ 6, ಹಿಮ್ಮಾಹಿತಿಗೆ 6, ಮರುಯೋಜನೆಗೆ 12, ಮರುಬೋಧನೆಗೆ 6, ಮತ್ತೆ ಹಿಮ್ಮಾಹಿತಿಗೆ 6. ಇದರಲ್ಲಿ ಹೆಚ್ಚು ಸಮಯ ಮೀಸಲಿರುವುದು ಬೋಧನೆಗಲ್ಲ, ಮಾಡಿದ್ದನ್ನು ತಿದ್ದಿಕೊಳ್ಳುವುದಕ್ಕೆ. ಕಾರ್ಯಾಗಾರಗಳು ಈ ಚಕ್ರದ ಮೊದಲ ಹೆಜ್ಜೆಗೇ ನಿಂತುಬಿಡುತ್ತವೆ.

ಕೊಣ್ಣೂರು ಭಾಗದ ಪದವಿ ವಿದ್ಯಾರ್ಥಿಗಳಿಗಾಗಿ ನಡೆದ ಎರಡು ದಿನದ ಕಾರ್ಯಾಗಾರವೊಂದಕ್ಕೆ ನಾನು ಸಹಾಯಕ್ಕೆ ಹೋಗಿದ್ದೆ. ಮೊದಲ ದಿನ ದೊಡ್ಡ ಕಂಪನಿಗಳ ಯಶೋಗಾಥೆಗಳು. ಎರಡನೆಯ ದಿನ ಮೊಬೈಲಿನಲ್ಲಿ ಚಾಟ್‌ಜಿಪಿಟಿ ಬಳಸಿ ವ್ಯವಹಾರ ಯೋಜನೆ ಬರೆಯುವ ಚಟುವಟಿಕೆ. ಅರ್ಧ ಗಂಟೆಯಲ್ಲಿ ಎಲ್ಲ ಗುಂಪುಗಳ ಯೋಜನೆಯೂ ಸಿದ್ಧವಾಯಿತು. ಒಂದು ಗುಂಪು ನಮ್ಮ ಭಾಗದಲ್ಲಿ ಹೆಸರಾದ ಕೊಣ್ಣೂರು ಪೇರಲ ಹಣ್ಣಿನ ಮಾರಾಟವನ್ನೇ ಆರಿಸಿಕೊಂಡಿತ್ತು. ಧ್ಯೇಯ, ಗ್ರಾಹಕರು, ಪ್ರಚಾರ, ಲಾಭ ಎಲ್ಲವೂ ಅಚ್ಚುಕಟ್ಟಾಗಿದ್ದವು. ಆಗ ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಸರ್, ಈ ಲೆಕ್ಕದಾಗ ನಮ್ಮವ್ವನ ಕೂಲಿ ಎಲ್ಲಿ ಐತ್ರೀ?" ಸಮಯವಾಗಿತ್ತು. ಉತ್ತರ ಬರುವ ಮೊದಲೇ ಪ್ರಮಾಣಪತ್ರ ವಿತರಣೆ ಆರಂಭವಾಯಿತು.

ನನ್ನ ದೃಷ್ಟಿಯಲ್ಲಿ ಇಡೀ ಕಾರ್ಯಾಗಾರದ ಪಾಠ ಆ ಪ್ರಶ್ನೆಯಲ್ಲೇ ಇತ್ತು. ಒಂದು ಊಹೆಯ ಲೆಕ್ಕ ನೋಡೋಣ. ಕಿಲೋಗೆ 30 ರೂಪಾಯಿಯಂತೆ 50 ಕಿಲೋ ಪೇರಲ ಕೊಂಡರೆ 1,500 ರೂಪಾಯಿ. 45ರಂತೆ ಮಾರಿದರೆ 2,250. ಕಾಗದದ ಮೇಲೆ ದಿನಕ್ಕೆ 750 ರೂಪಾಯಿ ಲಾಭ. ಆದರೆ ಪೇರಲ ಬಹಳ ದಿನ ಇಟ್ಟುಕೊಳ್ಳುವ ಹಣ್ಣಲ್ಲ. 10 ಕಿಲೋ ಮೆತ್ತಗಾಗಿ ಕೆಟ್ಟರೆ ಮಾರಾಟ 1,800ಕ್ಕೆ ಇಳಿಯುತ್ತದೆ. ಸಾಗಣೆಗೆ 150, ಬುಟ್ಟಿ ಕಾಗದಕ್ಕೆ 50 ಕಳೆದರೆ ಉಳಿಯುವುದು 100 ರೂಪಾಯಿ. ದಿನವಿಡೀ ಹೆದ್ದಾರಿ ಬದಿ ಕೂತು ಮಾರಿದ ತಾಯಿಯ ಕೂಲಿ ಹಿಡಿದರೆ ಅದು ನಷ್ಟವೇ. ಇನ್ನು ಮಲಪ್ರಭೆ ಉಕ್ಕಿದ 2019ರ ಆಗಸ್ಟ್‌ನಂಥ ತಿಂಗಳು ಬಂದರೆ ಹಣ್ಣೂ ಇಲ್ಲ, ದಾರಿಯೂ ಇಲ್ಲ.

750 ಮತ್ತು 100ರ ನಡುವಿನ ಅಂತರ ಬರೀ ಅಂಕಗಣಿತದ್ದಲ್ಲ. ಮಗಳು ತಂದ ಅಂದವಾದ ಯೋಜನೆಯನ್ನು ನಂಬಿ ತಾಯಿ ಸಂಘದಲ್ಲಿ ಸಾಲ ಎತ್ತಿದರೆ, ವಾರದ ಕಂತು ಕಟ್ಟಬೇಕಾದವರು ಸಂಪನ್ಮೂಲ ವ್ಯಕ್ತಿಗಳಲ್ಲ.

ಹಾಗಾದರೆ ಕೃತಕ ಬುದ್ಧಿಮತ್ತೆಯನ್ನು ತರಗತಿಯ ಹೊರಗಿಡಬೇಕೇ? ಖಂಡಿತ ಅಲ್ಲ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕ ಬಳಕೆಗೆ ಬಂದ ಮೇಲೆ ಒಂದು ವಿಷಯವಂತೂ ಬದಲಾಗಿದೆ: ಚೆಂದದ ಬರಹ ಕಲಿಕೆಯ ಸಾಕ್ಷಿಯಾಗಿ ಉಳಿದಿಲ್ಲ. ಇಂಥ ಉಪಕರಣಗಳು ಅಪಾರ ಬರಹದಿಂದ ಕಲಿತ ಮಾದರಿಗಳ ಆಧಾರದ ಮೇಲೆ, ಮುಂದೆ ಬರಬಹುದಾದ ಪದವನ್ನು ಊಹಿಸುತ್ತ ವಾಕ್ಯ ಕಟ್ಟುತ್ತವೆ. ನಾವು ತಿಳಿಸದ ಹೊರತು ನಮ್ಮೂರ ಇಂದಿನ ದರ, ನಿನ್ನೆ ಕೊಳೆತ ಬುಟ್ಟಿ ಅವುಗಳಿಗೆ ತಿಳಿಯುವುದಿಲ್ಲ. ಆದ್ದರಿಂದ ಚಟುವಟಿಕೆಯ ಕ್ರಮವನ್ನು ತಿರುಗಿಸಬೇಕು. ಮೊದಲು ವಿದ್ಯಾರ್ಥಿ ಸಂತೆಯಲ್ಲಿ ವಿಚಾರಿಸಿ, ಕೈಯಾರೆ ಜಮಾ ಖರ್ಚು ಬರೆಯಲಿ. ಆಮೇಲೆ ಕನ್ನಡದಲ್ಲೇ ಕೇಳಲಿ: "ನನ್ನ ಲೆಕ್ಕದಲ್ಲಿ ಬಿಟ್ಟುಹೋದ ಖರ್ಚುಗಳು ಯಾವುವು?" ಬಂದ ಉತ್ತರವನ್ನು ವ್ಯಾಪಾರಿಯೊಬ್ಬರ ಮುಂದಿಟ್ಟು ಪರೀಕ್ಷಿಸಲಿ. ಹೀಗೆ ಮಾಡಿದರೆ ಯಂತ್ರ ಉತ್ತರ ಬರೆದುಕೊಡುವ ಗೆಳೆಯನಾಗುವ ಬದಲು ಪ್ರಶ್ನೆ ಕೇಳುವ ವೀಕ್ಷಕನಾಗುತ್ತದೆ.

ಎರಡು ದಿನದಲ್ಲಿ ಇಷ್ಟೆಲ್ಲ ಆಗದು, ಆಸಕ್ತಿ ಹುಟ್ಟಿಸಿದರೆ ಸಾಕು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಅಪ್ಪನ ಹೊಲ ಅಥವಾ ಸರ್ಕಾರಿ ನೌಕರಿ ಬಿಟ್ಟು ಮೂರನೆಯ ದಾರಿಯನ್ನೇ ಕಾಣದ ಹುಡುಗರಿಗೆ ಕಣ್ಣು ತೆರೆಸುವುದೂ ದೊಡ್ಡದೇ. ಆದರೆ ಆಸಕ್ತಿ ಹುಟ್ಟಿದ ಮೇಲೆ ಜೊತೆಗಿರುವವರು ಯಾರು? ಇದಕ್ಕೆ ಕರ್ನಾಟಕದಲ್ಲೇ ಉತ್ತರವಿದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯ ತರಬೇತಿಗಳೂ ಅಲ್ಪಾವಧಿಯವೇ. ಆದರೆ ತರಬೇತಿಯ ನಂತರದ ಅನುಸರಣೆ ಅಲ್ಲಿ ಕಾರ್ಯಕ್ರಮದ ಭಾಗ. ದೇಶದಾದ್ಯಂತ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿಗೆ ಮಾದರಿಯಾದದ್ದು ಅದೇ. ನಮ್ಮ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಕಟ್ಟಿದವರೂ ರೈತರೇ. ಹತ್ತು ಜನ ಕೂಡಿ ಲೆಕ್ಕ ಇಡುವುದು ಈ ನೆಲಕ್ಕೆ ಹೊಸದೇನಲ್ಲ.

ಇಲ್ಲಿ ಶಿಕ್ಷಕ ಶಿಕ್ಷಣ ಕಾಲೇಜುಗಳಿಗೆ ಒಂದು ಕೆಲಸವಿದೆ. ಪಾಠಯೋಜನೆ, ಹಿಮ್ಮಾಹಿತಿ, ಮೌಲ್ಯಮಾಪನ ನಮ್ಮ ದಿನನಿತ್ಯದ ಸರಕು. ಸಮೀಪದ ಪದವಿ ಕಾಲೇಜಿನಲ್ಲಿ ಕಾರ್ಯಾಗಾರ ನಡೆದಾಗ, ಒಂದು ತಿಂಗಳ ನಂತರದ ಅರ್ಧ ದಿನದ ಮರುಭೇಟಿಯನ್ನು ಪ್ರಶಿಕ್ಷಣಾರ್ಥಿಗಳಿಗೆ ವಹಿಸಬಹುದು. ಅಂದು ಹೊಸ ಉಪನ್ಯಾಸ ಬೇಡ. ಪ್ರತಿ ಗುಂಪೂ ತನ್ನ ಮೊದಲ ಲೆಕ್ಕ ಮತ್ತು ತಿದ್ದಿದ ಲೆಕ್ಕ ಎರಡನ್ನೂ ತರಲಿ. ಏನು ಬದಲಾಯಿತು, ಯಾರನ್ನು ಕೇಳಿ ಬದಲಾಯಿತು ಎಂದು ವಿವರಿಸಲಿ. "ಇದರಲ್ಲಿ ಲಾಭವಿಲ್ಲ, ಕೈಬಿಟ್ಟೆವು" ಎಂದು ಲೆಕ್ಕ ಸಮೇತ ಹೇಳುವ ಗುಂಪಿಗೂ ಪೂರ್ಣ ಅಂಕ ಸಿಗಲಿ. ಪ್ರಮಾಣಪತ್ರವನ್ನೂ ಅಂದೇ ಕೊಟ್ಟರಾಯಿತು.