ಮರೆಯ ಲೋಟ, ಬಹಿರಂಗದ ಉಪದೇಶ

ಕೊಡವರ ಮದುವೆಯೊಂದಕ್ಕೆ ಹೋಗಿಬಂದ ನಮ್ಮ ಸದಸ್ಯರೊಬ್ಬರು, 'ಅಲ್ಲಿ ಹೆಂಗಸರ, ಹಿರಿಯರ ಎದುರಿಗೇ ಕುಡಿಯುತ್ತಾರೆ ಮಾರಾಯ್ರೆ!' ಎಂದು ಸಂಘದ ವರಾಂಡದಲ್ಲಿ ವಾರಗಟ್ಟಲೆ ಹೇಳಿಕೊಂಡು ತಿರುಗಿದರು. ಕೇಳಿದ ನಾವೆಲ್ಲ ತಲೆದೂಗಿದೆವು. ಮದುವೆ ಮಾಡಿದ ಆ ಮನೆಯವರು ಈ ಸಲ ರಾಜ್ಯೋತ್ಸವಕ್ಕೆ ಬರಲಿಲ್ಲ. ಏಕೆಂದು ಯಾರೂ ಕೇಳಲಿಲ್ಲ.

ಕೊಡವರು ಗುರುಕಾರಣರಿಗೆ ಮೀದಿ ಇಡುವಾಗ ಅನ್ನ, ಮಾಂಸದೊಡನೆ ಮದ್ಯವೂ ಇರುತ್ತದೆ. ದೂರವೇಕೆ, ಮುಂಬಯಿಯ ನಮ್ಮಲ್ಲಿ ಎಷ್ಟೋ ಮಂದಿ ತುಳುನಾಡಿನವರು. ಕಳೆದುಹೋದ ವಸ್ತು ಸಿಗಲೆಂದು ಕೊರಗಜ್ಜನಿಗೆ ಕಳ್ಳು, ಚಕ್ಕುಲಿ, ವೀಳ್ಯ ಹರಕೆ ಹೇಳುವವರು. ಅಜ್ಜನಿಗೆ ಸಲ್ಲುವುದು ಕೊಡವರ ಹಿರಿಯರಿಗೆ ಸಲ್ಲಬಾರದೇ?

ನಮ್ಮ ಪದ್ಧತಿಯಾದರೂ ಎಂಥದು? ವಾರ್ಷಿಕ ವಿಹಾರಕೂಟದಲ್ಲಿ ಕಾರಿನ ಮರೆ, ಸ್ಟೀಲ್ ಲೋಟ, ವಾಸನೆಗೊಂದು ಪಾನ್. ಮನೆಯವರಿಗೆ ತಿಳಿಯುವ ಮುಂಚೆ ಮುಗಿಯಬೇಕಾದ್ದರಿಂದ ವಿಸ್ಕಿಯನ್ನು ನಿಂತಲ್ಲೇ ಗಟಗಟನೆ ಇಳಿಸುವುದು. (ಅವರಿಗೆ ತಿಳಿದಿಲ್ಲವೆಂಬುದು ನಮ್ಮ ಭ್ರಮೆ!) ಎದುರಿಗೆ ಕುಡಿಯುವವನಿಗೆ ಹಿರಿಯರ ಕಣ್ಣಿನ ಅಂಕೆಯಾದರೂ ಇದೆ. ಮರೆಯಲ್ಲಿ ಕುಡಿಯುವವನಿಗೆ ಬಾಟಲಿ ಬರಿದಾಗುವುದೊಂದೇ ಅಂಕೆ.

1969ರಲ್ಲಿ ಮ್ಯಾಕ್‌ಆಂಡ್ರ್ಯೂ, ಎಡ್ಜರ್ಟನ್ ಎಂಬ ಅಮೆರಿಕದ ವಿದ್ವಾಂಸರಿಬ್ಬರು ನಾನಾ ಜನಾಂಗಗಳ ವೃತ್ತಾಂತಗಳನ್ನು ಕಲೆಹಾಕಿ ಒಂದು ಪುಸ್ತಕ ಬರೆದರು. ನಾಲಗೆ ತೊದಲುವುದು, ಕಾಲು ತಡವರಿಸುವುದು ಮದ್ಯದ ಕೆಲಸ. ಕುಡಿದು ಬಯ್ಯುವುದು, ಕೈಮಾಡುವುದು ಆಯಾ ಸಮಾಜ ಕಲಿಸಿದ್ದು ಎಂಬುದು ಅವರ ವಾದ. ಹೆಂಡತಿಗೆ ಹೊಡೆದವನನ್ನು 'ಪಾಪ, ಕುಡಿದಿದ್ದ' ಎಂದು ನಾವು ಬಿಟ್ಟುಬಿಡುತ್ತೇವಲ್ಲ, ಆ ಪಾಠ ಕಲಿಸುತ್ತಿರುವವರು ನಾವೇ. ವರಾಂಡದಲ್ಲಿ ಮಾತಾಡಬೇಕಾದ ವಿಷಯ ಇದು. ಇದನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಮದ್ಯ ನಿರಪಾಯವೆಂದು ನಮ್ಮ ವಾದವಲ್ಲ. ಯಕೃತ್ತು ಕುಲಗೋತ್ರ ಕೇಳುವುದಿಲ್ಲ. ಕುಡಿಯದವರನ್ನು ಕುಡಿಯಿರೆಂದು ಪೀಡಿಸುವ ಮಹಾಶಯರೂ ನಮಗೆ ಬೇಡ.

ಆದರೆ ಕಂಪನಿ ಕೆಲಸಕ್ಕೆ ಟೋಕಿಯೋಗೆ ಹೊರಟ ನಮ್ಮ ಹುಡುಗರು, ಅಲ್ಲಿ ತನ್ನ ಲೋಟಕ್ಕೆ ತಾನೇ ಸುರಿದುಕೊಳ್ಳಬಾರದು, ಪಕ್ಕದವರ ಲೋಟ ತುಂಬಬೇಕು ಎಂದು ಕಲಿತೇ ವಿಮಾನ ಹತ್ತುತ್ತಾರೆ. ಇದಕ್ಕೆ ಸಾಂಸ್ಕೃತಿಕ ಜಾಣ್ಮೆ ಎಂಬ ದೊಡ್ಡ ಹೆಸರು ಬೇರೆ. ಜಪಾನಿಗಾಗಿ ಕಲಿಯುವುದನ್ನು ಮಡಿಕೇರಿಗಾಗಿ ಕಲಿಯಲು ನಮಗೇನು ಕಷ್ಟ?

ಮುಂದಿನ ಸಭೆಗೆ ಮೊದಲು ಕಾರ್ಯಕಾರಿ ಸಮಿತಿಯ ಇಬ್ಬರಾದರೂ ಆ ಮನೆಗೆ ಹೋಗಿ, ತಪ್ಪಾಯಿತೆಂದು ಹೇಳಿ, ಕರೆದು ಬರಬೇಕು. ಲೋಟ ಮುಂದಿಟ್ಟರೆ 'ನಮಗೆ ಅಭ್ಯಾಸವಿಲ್ಲ, ಕಾಫಿ ಸಾಕು' ಎನ್ನಬಹುದು. ಕೊಡಗಿನವರ ಮನೆಯ ಕಾಫಿ ಕೆಟ್ಟದ್ದೇನಲ್ಲ.